ಕುರ್ಚಿ ಸೈಕಲ್ಲು

ಮೊಣಕಾಲು ಎಂಬ ಅವಯವವೊಂದು ತನಗಿದೆಯೆಂಬುದು ಮನುಷ್ಯನಿಗೆ ಅರವತ್ತರವರೆಗೆ ತಿಳಿಯುವುದೇ ಇಲ್ಲ. ತಿಳಿದ ಮೇಲೆ ಉಳಿದ ಅವಯವಗಳ ನೆನಪೇ ಇರುವುದಿಲ್ಲ. ಉತ್ತರಹಳ್ಳಿಯ ಮುಖ್ಯರಸ್ತೆಯಿಂದ ಎರಡು ತಿರುವು ಒಳಕ್ಕೆ, ಮುಂಬಾಗಿಲಲ್ಲಿ ನುಗ್ಗೆಯ ಮರವೊಂದನ್ನು ನಿಲ್ಲಿಸಿಕೊಂಡಿರುವ ಮನೆಯ ಮೇಷ್ಟರಿಗೆ ಈ ಜ್ಞಾನೋದಯವಾದದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಅಂದರೆ, ಹತ್ತು ವರ್ಷ ತಡವಾಗಿ. ಆ ಮಟ್ಟಿಗೆ ಅವರು ಪುಣ್ಯವಂತರೆಂದೇ ಹೇಳಬೇಕು.

ಮೂವತ್ತೈದು ವರ್ಷ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸಿದವರು ಅವರು. ಮೈಸೂರಿನಲ್ಲಿ ಓದಿದರು, ಬೆಂಗಳೂರಿನಲ್ಲಿ ದುಡಿದರು, ಉತ್ತರಹಳ್ಳಿಯು ಇನ್ನೂ ಹೆಸರಿಗೆ ತಕ್ಕಂತೆ ಹಳ್ಳಿಯಾಗಿದ್ದಾಗ ಒಂದು ನಿವೇಶನ ಕೊಂಡು ಮನೆ ಕಟ್ಟಿಸಿದರು. ಅಂದು ಮಹಡಿಯ ಮೇಲೆ ನಿಂತರೆ ತುರಹಳ್ಳಿಯ ಕಾಡಿನ ಬಂಡೆಗಳು ಕಾಣುತ್ತಿದ್ದುವು. ಇಂದು ಎದುರು ಮನೆಯ ಮಹಡಿ ಕಾಣುತ್ತದೆ. ಆದರೇನು, ನಡಿಗೆಯೊಂದಿತ್ತು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಗುರುವಾರ ಮಾತ್ರ ಸಂಜೆಯ ಸುತ್ತು ನೀಳವಾಗಿ ಪದ್ಮನಾಭನಗರವನ್ನು ಮುಟ್ಟುತ್ತಿತ್ತು. ಅಲ್ಲಿ ಅವರ ಗೆಳೆಯರಾದ ಗಣಿತದ ಮೇಷ್ಟರು, ಮಗನ ಮನೆಯ ಮೊದಲ ಮಹಡಿಯಲ್ಲಿ, ಹದಿನೆಂಟು ಮೆಟ್ಟಿಲುಗಳ ಮೇಲೆ ವಾಸವಾಗಿದ್ದಾರೆ. ಇಬ್ಬರೂ ಮೈಸೂರಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು. ಬಾಡಿಗೆಯ ಸೈಕಲ್ಲೊಂದರಲ್ಲಿ ಇಬ್ಬರೂ ಕೂತು ಶ್ರೀರಂಗಪಟ್ಟಣಕ್ಕೆ ಹೋಗಿ, ಹಿಂದೆ ಬರುವಾಗ ಪೋಲೀಸಿನವನ ಕೈಗೆ ಸಿಕ್ಕಿ ದಂಡ ತೆತ್ತವರು. ಆ ದಂಡವನ್ನು ಕೊಟ್ಟವರು ಯಾರೆಂಬುದು ಐವತ್ತು ವರ್ಷ ಕಳೆದರೂ ಇತ್ಯರ್ಥವಾಗಿಲ್ಲ. ಗುರುವಾರದ ಕಾಫಿಯ ಜೊತೆಗೆ ಈ ವ್ಯಾಜ್ಯವೂ ನಡೆದುಕೊಂಡು ಬಂದಿತ್ತು.

ಹೀಗಿರುವಲ್ಲಿ, ಒಂದು ಮಳೆಗಾಲದ ಸಂಜೆ, ಯಾರೋ ಏನನ್ನೋ ಹೂಳಲು ಅಗೆದು, ಹೂಳಿದ ಮೇಲೆ ಸರಿಯಾಗಿ ಮುಚ್ಚಲು ಮರೆತಿದ್ದ ಕಾಲುದಾರಿಯ ಚಪ್ಪಡಿಯೊಂದು ಮೇಷ್ಟರ ಭಾರಕ್ಕೆ ತಲೆದೂಗಿತು. ಮೇಷ್ಟರು ಬಿದ್ದರು. ಮೂಳೆ ಮುರಿಯಲಿಲ್ಲ, ಅದು ದೊಡ್ಡದು. ಆದರೆ ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದ ವೈದ್ಯರು, ಬಿದ್ದದ್ದಕ್ಕೆ ಸಂಬಂಧವಿಲ್ಲದ ಇನ್ನೊಂದು ಸಂಗತಿಯನ್ನು ತೋರಿಸಿದರು: ಎರಡು ಮೊಣಕಾಲುಗಳಲ್ಲಿಯೂ, ಅದರಲ್ಲಿಯೂ ಬಲಗಾಲಿನಲ್ಲಿ, ಮೂಳೆಗಳ ನಡುವಣ ಮೃದ್ವಸ್ಥಿ ಸವೆದಿತ್ತು. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಈಗಲೇ ಅವಸರವಿಲ್ಲ. ನೋವೆಂದು ಕಾಲನ್ನು ಆಡಿಸದೆ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ; ಸ್ನಾಯು ಸೊರಗಿದರೆ ಭಾರವೆಲ್ಲ ಕೀಲಿನ ಮೇಲೆಯೇ ಬೀಳುತ್ತದೆ; ಕೀಲಿನ ಮೇಲೆ ಭಾರ ಬಿದ್ದರೆ ನೋವು ಹೆಚ್ಚುತ್ತದೆ; ನೋವು ಹೆಚ್ಚಿದರೆ ಮನುಷ್ಯ ಮತ್ತಷ್ಟು ಕೂತುಬಿಡುತ್ತಾನೆ. ಈ ಗಾಣದಿಂದ ಹೊರಬರಬೇಕಾದರೆ, ಕೀಲಿನ ಮೇಲೆ ಮೈಭಾರ ಹೊರಿಸದೆ ಕಾಲನ್ನು ದುಡಿಸಬೇಕು. “ಈಜು ಬರುತ್ತದೆಯೆ? ಇಲ್ಲವಾದರೆ ಸೈಕಲ್ಲು,” ಎಂದರು ವೈದ್ಯರು.

ಊತ ಇಳಿಯಿತು, ನೋವೂ ಬಹುಮಟ್ಟಿಗೆ ಇಳಿಯಿತು. ಆದರೆ ಮೇಷ್ಟರು ರಸ್ತೆಗೆ ಇಳಿಯಲಿಲ್ಲ. ಸಂಜೆಯಾದರೆ ಚಪ್ಪಲಿ ಮೆಟ್ಟುವರು, ಗೇಟಿನವರೆಗೆ ಹೋಗುವರು, ಅಗಣಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ರಸ್ತೆಯನ್ನು ನೋಡುವರು, “ಮೋಡವಾಗಿದೆ,” ಎಂದು ಹಿಂದಿರುಗುವರು. ಮೋಡವಿಲ್ಲದ ದಿನಗಳಲ್ಲಿಯೂ ಮೋಡವಾಗಿರುತ್ತಿತ್ತು. ಅವರ ಮನೆಯಾಕೆ ಇದನ್ನು ಕಂಡೂ ಕಾಣದಂತಿದ್ದರು. ಗಂಡಸು ಹೆದರಿದ್ದಾನೆಂದು ಬಾಯಿಬಿಟ್ಟು ಹೇಳಿದರೆ ಅವನ ಹೆದರಿಕೆ ಹೋಗುವುದಿಲ್ಲ, ಕೋಪ ಮಾತ್ರ ಬರುತ್ತದೆ ಎಂಬುದು ನಲವತ್ತೈದು ವರ್ಷದ ದಾಂಪತ್ಯದಲ್ಲಿ ಆಕೆ ಕಂಡುಕೊಂಡ ಸತ್ಯ. ಅಷ್ಟರಲ್ಲಿ ಪದ್ಮನಾಭನಗರದ ಗಣಿತದ ಮೇಷ್ಟರು ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಶಸ್ತ್ರಚಿಕಿತ್ಸೆಯಾಗಿ, ನಾಲ್ಕು ಕಾಲಿನ ಊರುಗೋಲಿನೊಡನೆ ಮನೆಯೊಳಗೆ ಮಾತ್ರ ಓಡಾಡುವಂತಾದರು. ಇವರು ಹತ್ತುವ ಹಾಗಿಲ್ಲ, ಅವರು ಇಳಿಯುವ ಹಾಗಿಲ್ಲ. ಗುರುವಾರಗಳು ಫೋನಿಗೆ ಬಂದು ನಿಂತುವು. ಫೋನಿನಲ್ಲಿ ದಂಡದ ವ್ಯಾಜ್ಯ ಏಕೋ ರುಚಿಸಲಿಲ್ಲ.

ಸೈಕಲ್ಲು ತರುವ ಮಾತನ್ನು ಎತ್ತಿದವನು ಮಗ. ಆದರೆ ಎಂಥ ಸೈಕಲ್ಲು? ರಸ್ತೆಯ ಸೈಕಲ್ಲಿನ ಮಾತು ದೂರ ಉಳಿಯಿತು. ಮನೆಯೊಳಗೆ ನಿಲ್ಲಿಸಿ ತುಳಿಯುವ ಯಂತ್ರಗಳಲ್ಲಿಯೇ ಜಾತಿಗಳಿವೆ. ಸಾಮಾನ್ಯ ಸೈಕಲ್ಲಿನಂತೆ ಎತ್ತರದ ಸಣ್ಣ ಸೀಟಿನ ಮೇಲೆ ಕೂತು ಮುಂದಕ್ಕೆ ಬಾಗಿ ತುಳಿಯುವುದು ಒಂದು. ಪಂದ್ಯದವರಂತೆ ಬೆವರು ಹರಿಸುವುದಕ್ಕೆ ಇನ್ನೊಂದು. ಇವೆರಡನ್ನೂ ಬಿಟ್ಟು, ಬೆನ್ನಿಗೆ ಒರಗುಳ್ಳ ಅಗಲವಾದ ಕುರ್ಚಿಯಲ್ಲಿ ಕೂತು, ಕಾಲನ್ನು ಮುಂದಕ್ಕೆ ಚಾಚಿ ತುಳಿಯುವುದು ಮೂರನೆಯದು. ಅಂಗಡಿಯವರು ಇದನ್ನು ರಿಕಂಬೆಂಟ್ ಬೈಕ್ ಎನ್ನುತ್ತಾರೆ. ಮೇಷ್ಟರು ಇದಕ್ಕೆ ಒರಗುಸೈಕಲ್ಲೆಂದು ಹೆಸರಿಟ್ಟರು. ಮನೆಯಾಕೆ ಕುರ್ಚಿ ಸೈಕಲ್ಲೆಂದರು. ಉಳಿದದ್ದು ಮನೆಯಾಕೆಯ ಹೆಸರು.

ವೈದ್ಯರ ಒಲವೂ ಈ ಮೂರನೆಯದರ ಕಡೆಗೇ ಇತ್ತು. ಎತ್ತರದ ಸೀಟಿಗೆ ಕಾಲೆತ್ತಿ ಹತ್ತಬೇಕಾಗಿಲ್ಲ, ಬಿದ್ದುಬಿಡುವೆನೆಂಬ ಅಂಜಿಕೆಯಿಲ್ಲ, ಬೆನ್ನಿಗೆ ಆಸರೆಯುಂಟು, ಮುಂಗೈ ಮತ್ತು ಕುತ್ತಿಗೆಯ ಮೇಲೆ ಭಾರವಿಲ್ಲ. ಎದುರುಮನೆಯ ಮಹನೀಯರು ಮಾತ್ರ ಒಪ್ಪಲಿಲ್ಲ. ತಮ್ಮ ಮನೆಯ ಟ್ರೆಡ್‌ಮಿಲ್ಲಿನ ಮುಂದೆ ಒಯ್ದು ನಿಲ್ಲಿಸಿ, “ನೋಡಿ, ಎರಡು ವರ್ಷದಿಂದ ಇದರ ಮೇಲೆ ಒದ್ದೆ ಟವೆಲ್ಲು ಮಾತ್ರ ನಡೆದಾಡುತ್ತಿದೆ,” ಎಂದರು. ಮೊಮ್ಮಗ ಇನ್ನೂ ಕಠಿಣನಾದ. ಅದು “ಮುದುಕರ ಸೈಕಲ್ಲು” ಎಂದುಬಿಟ್ಟ.

ಈ ಮಾತು ಮೇಷ್ಟರಿಗೆ ನಾಟಿತು. ಎರಡು ದಿನ ಪುಸ್ತಕ ತಿರುವಿ, ಮೂರನೆಯ ದಿನ ಊಟಕ್ಕೆ ಕೂತಾಗ ಮೊಮ್ಮಗನಿಗೆ ಪಾಠ ಆರಂಭಿಸಿದರು. ಕೂತಲ್ಲೇ ಅಂಗಸಾಧನೆ ಮಾಡುವ ಯಂತ್ರವೇನೂ ಹೊಸತಲ್ಲ. ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ ಎಂಬಾತ ಜಿಮ್ನ್ಯಾಸ್ಟಿಕಾನ್ ಎಂಬ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1796ರಲ್ಲಿ. ಆಗಿನ್ನೂ ಸೈಕಲ್ಲೇ ಹುಟ್ಟಿರಲಿಲ್ಲ. ಇನ್ನು ಒರಗಿ ತುಳಿಯುವ ವಿಷಯ. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ, ಶಾರ್ಲ್ ಮೋಶೆ ನಿರ್ಮಿಸಿದ ಒರಗುಸೈಕಲ್ಲಿನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರು ಓಡಿದ. ಅದಕ್ಕೆ ಮುಂಚಿನ ದಾಖಲೆ, 44.247 ಕಿಲೋಮೀಟರು, 1914ರಿಂದ ಯಾರೂ ಮುರಿಯದೆ ನಿಂತಿದ್ದುದು. ಫೋರ್ ಅಷ್ಟೇನೂ ಹೆಸರುವಾಸಿಯಾದ ಸವಾರನಲ್ಲ. ಗೆದ್ದದ್ದು ಅವನ ಆಸನ. ಮೈ ತಗ್ಗಾಗಿದ್ದುದರಿಂದ ಗಾಳಿಯ ತಡೆ ಕಡಿಮೆಯಾಗಿತ್ತು. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಏನು ಮಾಡಿತು? 1934ರಲ್ಲಿ ಒರಗುಸೈಕಲ್ಲನ್ನು ಪಂದ್ಯಗಳಿಂದಲೇ ಹೊರಗೆ ಹಾಕಿತು! “ಮುದುಕರದೆಂದಲ್ಲ ಮಗು, ಬಹಳ ವೇಗದ್ದೆಂದು ಬಹಿಷ್ಕಾರ,” ಎಂದು ಮೇಷ್ಟರು ಸಾರನ್ನು ಕಲಸಿಕೊಂಡರು. ಮೊಮ್ಮಗ ಸೋತನೋ ಇಲ್ಲವೋ, ಅಂದಿನಿಂದ ಮೇಷ್ಟರು ಯಂತ್ರದ ಪಕ್ಷಕ್ಕೆ ಸೇರಿದಂತಾಯಿತು. ಮನೆಯೊಳಗೆ ನಿಂತಿರುವ ಯಂತ್ರಕ್ಕೆ ಗಾಳಿಯ ತಡೆಯ ಪ್ರಶ್ನೆಯೇ ಇಲ್ಲವೆಂಬುದು ಅವರಿಗೆ ತಿಳಿಯದ್ದಲ್ಲ. ಮೊಮ್ಮಗ ಕೇಳಲಿಲ್ಲ, ಅವರು ಹೇಳಲಿಲ್ಲ.

ಕೊಳ್ಳುವ ಮುಂಚೆ ಅವರು ಮಾಡಿದ ಒಂದು ಕೆಲಸ ಹೇಳಲೇಬೇಕು. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ, ಐದು ಅಡಿ ಉದ್ದ, ಎರಡೂವರೆ ಅಡಿ ಅಗಲದ ಒಂದು ಹಾಳೆ ಮಾಡಿ, ಅದನ್ನು ಹಜಾರದಲ್ಲಿ ಹಾಸಿದರು. ಕುರ್ಚಿ ಸೈಕಲ್ಲು ನೆಟ್ಟಗಿನ ಸೈಕಲ್ಲಿಗಿಂತ ಉದ್ದ. ಇದು ಅದರ ಮುಖ್ಯ ದೋಷ. ಅದು ನಿಂತ ಮೇಲೆ ಪಕ್ಕದಿಂದ ಕೂರಲು ಏಳಲು ಒಂದೂವರೆ ಅಡಿಯಾದರೂ ಬೇರೆ ಜಾಗ ಬೇಕು. ಮಗ ಮಹಡಿಯ ಕೋಣೆ ಖಾಲಿಯಿದೆಯೆಂದ. ಮೊಣಕಾಲಿನ ಚಿಕಿತ್ಸೆಗೆ ಮಹಡಿ ಹತ್ತಿ ಹೋಗುವುದೆ! ದೇವರ ಮನೆಯ ಮುಂದೆ ಬೇಡವೆಂದು ಮನೆಯಾಕೆ. ದೂರದರ್ಶನದ ಮುಂದೆ ಬೇಡವೆಂದು ಸೊಸೆ. ವಾರವೆಲ್ಲ ದಿನಪತ್ರಿಕೆಯ ಹಾಳೆ ಮನೆಯ ತುಂಬ ಸಂಚರಿಸಿ, ಕೊನೆಗೆ ಬೀದಿಯ ಕಿಟಕಿಯ ಪಕ್ಕದಲ್ಲಿ, ಮೇಷ್ಟರ ಈಸಿಚೇರು ಇದ್ದ ಸ್ಥಳದಲ್ಲಿ ನೆಲೆನಿಂತಿತು. ಈಸಿಚೇರನ್ನು ಅಟ್ಟಕ್ಕೆ ಹಾಕಿದವರು ಮನೆಯಾಕೆ. ಈ ಏರ್ಪಾಟಿನಲ್ಲಿ ಎಲ್ಲಕ್ಕಿಂತ ಬುದ್ಧಿವಂತಿಕೆಯ ಭಾಗ ಇದೇ ಎಂದು ತೋರುತ್ತದೆ.

ಜಯನಗರದ ಕಡೆಯ ಅಂಗಡಿಯೊಂದರಲ್ಲಿ ಯಂತ್ರಗಳನ್ನು ನೋಡಿದರು. ಮಾರುವ ಹುಡುಗ ಮೊದಲು ತೋರಿಸಿದ್ದು ಪರದೆಯನ್ನು: ವೇಗ, ದೂರ, ಹೊತ್ತು, ಕರಗಿದ ಕ್ಯಾಲೊರಿ, ನಾಡಿಯ ಬಡಿತ. ಮೇಷ್ಟರು ಪರದೆಯನ್ನು ನೋಡದೆ ಕುರ್ಚಿಯಲ್ಲಿ ಮೂರು ಬಾರಿ ಕೂತು ಮೂರು ಬಾರಿ ಎದ್ದರು. ಮೊದಲನೆಯ ಯಂತ್ರದಲ್ಲಿ ಕೂರುವುದು ಸುಲಭವಾಯಿತು, ಏಳುವುದು ಆಗಲಿಲ್ಲ. ಆಸನ ತೀರ ತಗ್ಗು. ಮೊಣಕಾಲಿನ ನೋವಿನವರಿಗೆಂದೇ ಹೊಗಳುವ ವಸ್ತುವಿನಲ್ಲಿ ಈ ದೋಷ ಇರುವುದುಂಟು. ಕೂತು ನೋಡದೆ, ಚಿತ್ರ ನೋಡಿ ತರಿಸಿಕೊಂಡವರಿಗೆ ಅದು ಮನೆಗೆ ಬಂದ ಮೇಲೆ ತಿಳಿಯುತ್ತದೆ. ಎರಡನೆಯದರಲ್ಲಿ ಆಸನವನ್ನು ಹಿಂದೆ ಮುಂದೆ ಸರಿಸಬೇಕಾದರೆ ಇಳಿದು, ಬಗ್ಗಿ, ತಿರುಪನ್ನು ಬಿಚ್ಚಬೇಕು. ಮೇಷ್ಟರು ಐದಡಿ ಎಂಟಂಗುಲ, ಮನೆಯಾಕೆ ಐದಡಿಗೂ ಒಂದಂಗುಲ ಕಡಿಮೆ. ದಿನಕ್ಕೆರಡು ಬಾರಿ ಯಾರು ಬಗ್ಗುವರು? ಮೂರನೆಯದರಲ್ಲಿ ಕೂತಲ್ಲಿಂದಲೇ ಹಿಡಿಯೊಂದನ್ನು ಎತ್ತಿ ಆಸನವನ್ನು ಸರಿಸಬಹುದಾಗಿತ್ತು. ಎತ್ತರವೂ ಊಟದ ಮೇಜಿನ ಕುರ್ಚಿಗೆ ಹತ್ತಿರವಾಗಿತ್ತು. ಪಾದ ಜಾರದಂತೆ ಪೆಡಲಿಗೆ ಪಟ್ಟಿಯಿತ್ತು. ಹೊರಬಲ್ಲ ಭಾರ ಎಷ್ಟೆಂದು ಚೌಕಟ್ಟಿನ ಮೇಲೆಯೇ ಬರೆದಿತ್ತು. ಕೊನೆಯದಾಗಿ ಮೇಷ್ಟರು, “ಕೆಟ್ಟರೆ ಯಾರು ಬರುತ್ತಾರೆ?” ಎಂದು ಕೇಳಿದರು. ಹುಡುಗ ಪರದೆಯನ್ನು ಬಿಟ್ಟು ಮೊದಲ ಬಾರಿಗೆ ಅವರ ಮುಖ ನೋಡಿದ.

ಇನ್ನು ತಡೆಯ ವಿಚಾರ. ತುಳಿಯುವಾಗ ಕಾಲಿಗೆ ಕೆಲಸ ಸಿಗಬೇಕಾದರೆ ಚಕ್ರವನ್ನು ಏನಾದರೂ ಹಿಡಿದೆಳೆಯಬೇಕು. ಅಗ್ಗದ ಯಂತ್ರಗಳಲ್ಲಿ ಒಂದು ತುಂಡು ಉಣ್ಣೆಗಂಬಳಿಯಂಥ ವಸ್ತು ಚಕ್ರಕ್ಕೆ ಉಜ್ಜುತ್ತದೆ, ಸದ್ದಾಗುತ್ತದೆ, ಸವೆಯುತ್ತದೆ. ಇವರು ಕೊಂಡದ್ದರಲ್ಲಿ ಅಯಸ್ಕಾಂತಗಳಿದ್ದುವು. ಅವು ಚಕ್ರವನ್ನು ಮುಟ್ಟುವುದಿಲ್ಲ. ಲೋಹದ ಚಕ್ರ ಅಯಸ್ಕಾಂತದ ಎದುರಿನಲ್ಲಿ ತಿರುಗಿದಾಗ ಅದರೊಳಗೆ ಸುಳಿಸುಳಿಯಾಗಿ ವಿದ್ಯುತ್ತು ಹುಟ್ಟಿ, ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ; ಫ್ರಾನ್ಸಿನ ಫೂಕೋ 1855ರಲ್ಲಿ ಕಂಡುಕೊಂಡದ್ದು ಇದು. ತಿರುಪನ್ನು ತಿರುವಿದರೆ ಅಯಸ್ಕಾಂತ ಹತ್ತಿರವಾಗುತ್ತದೆ, ಕಾಲಿಗೆ ಏರುದಾರಿ ಬಂದಂತಾಗುತ್ತದೆ. ಸದ್ದಿಲ್ಲ, ಸವೆತವಿಲ್ಲ, ಪರದೆಗೆ ಎರಡು ಸಣ್ಣ ಬ್ಯಾಟರಿ ಬಿಟ್ಟರೆ ವಿದ್ಯುತ್ತಿನ ಹಂಗಿಲ್ಲ. ಮೇಷ್ಟರು ತಾಮ್ರದ ಕೊಳವೆಯೊಂದನ್ನು ಹುಡುಕಿ ತಂದು, ಅದರೊಳಗೆ ಅಯಸ್ಕಾಂತವನ್ನು ಬಿಟ್ಟು, ಅದು ಹೂವಿನಂತೆ ನಿಧಾನವಾಗಿ ಇಳಿಯುವುದನ್ನು ಮೊಮ್ಮಗನಿಗೆ ತೋರಿಸಿದರು. ಹುಡುಗ ಬೆರಗಾಗಿ ಹನ್ನೆರಡು ಬಾರಿ ಮಾಡಿಸಿದ. ಯಂತ್ರದ ಖರ್ಚಿನಲ್ಲಿ ಅರ್ಧ ಅಂದೇ ಬಂದಂತಾಯಿತೆಂದು ಮೇಷ್ಟರ ಲೆಕ್ಕ. ತಿರುಗುವ ಪೆಡಲಿನ ಬಳಿ ಬೆರಳಿಡಬಾರದೆಂದು ಹುಡುಗನಿಗೆ ಅಂದೇ ಕಟ್ಟಪ್ಪಣೆಯೂ ಆಯಿತು.

ಮೊದಲ ದಿನ ಏನಾಯಿತೆಂದರೆ, ಆಗಬೇಕಾದದ್ದೇ ಆಯಿತು. ನೋಡುವವರು ಐದಾರು ಮಂದಿಯಿದ್ದರು. ಮೇಷ್ಟರು ತಡೆಯನ್ನು ಐದರಲ್ಲಿಟ್ಟು ಇಪ್ಪತ್ತೈದು ನಿಮಿಷ ತುಳಿದರು, ಇಳಿದಾಗ ನಕ್ಕರು, ಮರುದಿನ ಬೆಳಿಗ್ಗೆ ಬಲ ಮೊಣಕಾಲು ಬೆಲ್ಲದಚ್ಚಿನಂತೆ ಊದಿತ್ತು. ನಾಲ್ಕು ದಿನ ಯಂತ್ರದ ಮೇಲೆ ಟವೆಲ್ಲು ಬಿತ್ತು. ಎದುರುಮನೆಯವರು ಕಿಟಕಿಯಿಂದಲೇ ಅದನ್ನು ಕಂಡು ಸಮಾಧಾನಪಟ್ಟರೆಂದು ಕಾಣುತ್ತದೆ.

ಐದನೆಯ ದಿನ ವೈದ್ಯರು ಕಳುಹಿಸಿದ ಫಿಸಿಯೋಥೆರಪಿಯ ಹುಡುಗಿ ಬಂದಳು. ಅವಳ ವಯಸ್ಸು ಮೇಷ್ಟರ ಸೇವಾವಧಿಗಿಂತ ಕಡಿಮೆ. ಟವೆಲ್ಲನ್ನು ತೆಗೆದು, ಮೇಷ್ಟರನ್ನು ಕೂರಿಸಿ, ಆಸನವನ್ನು ನಾಲ್ಕಂಗುಲ ಹಿಂದಕ್ಕೆ ಸರಿಸಿದಳು. ಪೆಡಲು ಅತಿ ದೂರಕ್ಕೆ ಹೋದಾಗ ಮೊಣಕಾಲು ಪೂರ್ತಿ ನೀಳವಾಗಬಾರದು, ಸ್ವಲ್ಪವೇ ಬಾಗಿರಬೇಕು. ಆಸನ ತೀರ ಹತ್ತಿರವಿದ್ದರೆ ಮೊಣಕಾಲು ಅತಿಯಾಗಿ ಮಡಚಿ ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ತೀರ ದೂರವಿದ್ದರೆ ಸೊಂಟ ಅತ್ತಿತ್ತ ಜೋಲಿ ಹೊಡೆಯುತ್ತದೆ. ಮೊದಲ ವಾರ ತಡೆ ಒಂದರಲ್ಲಿರಲಿ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಎದೆಯಲ್ಲಿ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ತುಳಿಯುವಾಗ ಕಾಲು ಸ್ವಲ್ಪ ನೊಂದರೆ ಚಿಂತೆಯಿಲ್ಲ. ಆ ನೋವು ಮರುದಿನಕ್ಕೂ ಉಳಿದರೆ ಹಿಂದಿನ ದಿನ ಅತಿಯಾಯಿತೆಂದು ಅರ್ಥ. ಪರದೆಯ ಮೇಲಿನ ಕ್ಯಾಲೊರಿ ಬರಿಯ ಅಂದಾಜು. ಅದನ್ನು ನಂಬಿ ಜಾಮೂನು ತಿನ್ನಬಾರದು.

“ಎಷ್ಟು ಜೋರಾಗಿ ತುಳಿಯಬೇಕು?” ಎಂದರು ಮೇಷ್ಟರು.

“ಮಾತಾಡುವುದಕ್ಕೆ ಆಗಬೇಕು, ಹಾಡುವುದಕ್ಕೆ ಆಗಬಾರದು. ಅಷ್ಟು.”

ಅಡಿಗೆಮನೆಯಿಂದ ಮನೆಯಾಕೆ, “ನನ್ನೊಡನೆ ವಾದಿಸುವುದಕ್ಕೆ ಆಗಬಹುದೆ?” ಎಂದರು. ಆಗಬಹುದೆಂದು ಹುಡುಗಿ ಅಪ್ಪಣೆ ಕೊಟ್ಟಳು. ಅಂದಿನಿಂದ ಆ ಮನೆಯಲ್ಲಿ ವ್ಯಾಯಾಮದ ತೀವ್ರತೆಯನ್ನು ಅಳೆಯುವ ಕ್ರಮ ಇದೇ: ಒಳಗಿನಿಂದ ಪ್ರಶ್ನೆ, ಹೊರಗಿನಿಂದ ಪ್ರತ್ಯುತ್ತರ. ಉತ್ತರ ಬರಲು ತಡವಾದರೆ ತಡೆಯನ್ನು ಇಳಿಸಬೇಕು.

ಹೋಗುವ ಮುನ್ನ ಹುಡುಗಿ ಇನ್ನೊಂದು ಮಾತು ಹೇಳಿದಳು. ಈ ಯಂತ್ರ ಕಾಲಿಗೆ ಬಲ ಕೊಡುತ್ತದೆ, ಹೃದಯಕ್ಕೂ ಒಳ್ಳೆಯದು. ಆದರೆ ಕೂತು ತುಳಿಯುವವನಿಗೆ ನಿಲ್ಲುವುದನ್ನು ಇದು ಕಲಿಸುವುದಿಲ್ಲ. ಬೀಳದಂತೆ ಮೈಯನ್ನು ತೂಗಿಸಿಕೊಳ್ಳುವುದು ಬೇರೆಯ ವಿದ್ಯೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳು ವಾರಕ್ಕೆ 150ರಿಂದ 300 ನಿಮಿಷದ ಮಿತವಾದ ಶ್ರಮವನ್ನು ಹೇಳುತ್ತವೆ; ಅದರ ಜೊತೆಗೇ 65 ದಾಟಿದವರು ವಾರದಲ್ಲಿ ಮೂರು ದಿನವಾದರೂ ಸಮತೋಲದ ಮತ್ತು ಬಲದ ವ್ಯಾಯಾಮ ಮಾಡಬೇಕೆಂದೂ ಹೇಳುತ್ತವೆ. ಆದ್ದರಿಂದ ಅಡಿಗೆಮನೆಯ ಕಟ್ಟೆಯನ್ನು ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಏಳುವುದು, ಇವನ್ನೂ ಮಾಡಬೇಕು. ಮೇಷ್ಟರು ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಬರೆದುಕೊಂಡದ್ದನ್ನು ಮಾಡಲಿಲ್ಲ. ಕೆಟ್ಟ ವಿದ್ಯಾರ್ಥಿಗಳ ಲಕ್ಷಣವೆಲ್ಲ ಒಳ್ಳೆಯ ಮೇಷ್ಟರುಗಳಲ್ಲಿ ಇರುತ್ತದೆ.

ಯಂತ್ರದ ಮೇಲೆ ಮಾತ್ರ ಅವರಿಗೆ ಮನಸ್ಸು ಕೂತಿತು. ಕೈಗಳು ಬಿಡುವಾಗಿರುವುದು ಈ ಆಸನದ ದೊಡ್ಡ ಸೌಕರ್ಯ. ಬೆಳಿಗ್ಗೆ ದಿನಪತ್ರಿಕೆ, ಸಂಜೆ ವಾರಪತ್ರಿಕೆಯ ಧಾರಾವಾಹಿ. ಒಂದು ಕಂತಿಗೆ ಹನ್ನೆರಡು ನಿಮಿಷ. ಕಥೆ ರೋಚಕವಾಗಿದ್ದರೆ ಒಂಬತ್ತು. ಮನೆಯಾಕೆ ಮಧ್ಯಾಹ್ನ, ಯಾರೂ ಇಲ್ಲದಾಗ, ಆಸನವನ್ನು ಮುಂದಕ್ಕೆಳೆದುಕೊಂಡು ತಾವೂ ತುಳಿಯತೊಡಗಿದರು. ನಡುವೆ ಅಡ್ಡಕಂಬಿಯಿಲ್ಲದುದರಿಂದ ಸೀರೆಗೆ ತೊಡಕಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯ ಅಂಚು ಪೆಡಲಿನ ದಾರಿಗೆ ಬೀಳದಂತೆ ಎತ್ತಿಕಟ್ಟಿದರಾಯಿತು. ಇದು ಬಯಲಾದದ್ದು, ಮೇಷ್ಟರು ಒಂದು ಸಂಜೆ ಕೂತಾಗ ಮೊಣಕಾಲು ಗಲ್ಲಕ್ಕೆ ತಾಕಿದಾಗ.

ಮೂರನೆಯ ವಾರ ಅವರಿಗೊಂದು ಯೋಚನೆ ಹೊಳೆಯಿತು. ಪರದೆ ದೂರವನ್ನು ತೋರಿಸುತ್ತದಲ್ಲ. ಆ ದೂರ ಎಲ್ಲಿಗೆ ಹೋಗುತ್ತದೆ? ಸುಮ್ಮನೆ ಹಾಳಾಗಬೇಕೆ? ಗೋಡೆಗೆ ನಕಾಶೆಯೊಂದನ್ನು ಅಂಟಿಸಿ, ಉತ್ತರಹಳ್ಳಿಯಿಂದ ಕೆಂಗೇರಿಯ ಮೇಲೆ ಮೈಸೂರಿಗೆ ಪ್ರಯಾಣ ಹೊರಟೇಬಿಟ್ಟರು. ಒಟ್ಟು 130 ಕಿಲೋಮೀಟರಿಗೂ ಸ್ವಲ್ಪ ಮೇಲೆ. ದಿನಕ್ಕೆ ಮೂರೋ ನಾಲ್ಕೋ ಕಿಲೋಮೀಟರು. ಹೊಸ ವೇಗಪಥದ ಮುಖ್ಯಮಾರ್ಗದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರಗಳಿಗೂ ಆಟೋಗಳಿಗೂ ಪ್ರವೇಶವಿಲ್ಲ. ಆದ್ದರಿಂದ ಹಳೆಯ ದಾರಿಯನ್ನೇ ಹಿಡಿಯಬೇಕೆಂದು ತೀರ್ಮಾನವಾಯಿತು. ಹಳೆಯ ದಾರಿಯಲ್ಲದಿದ್ದರೆ ಊರುಗಳೆಲ್ಲ ತಪ್ಪಿಹೋಗುತ್ತವೆ. ಊರು ತಪ್ಪಿದರೆ ತಿಂಡಿ ತಪ್ಪುತ್ತದೆ.

ಪದ್ಮನಾಭನಗರಕ್ಕೆ ಸುದ್ದಿ ಹೋಯಿತು. ಫೋನಿಗೆ ಮತ್ತೆ ಜೀವ ಬಂದಿತು.

“ಎಲ್ಲಿದ್ದೀಯೆ?”

“ಬಿಡದಿ.”

“ತಟ್ಟೆ ಇಡ್ಲಿ ತಿಂದು ಮುಂದಕ್ಕೆ ಹೋಗು.”

ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದಲ್ಲಿ ಮರದ ಗೊಂಬೆ. ಒಂದೊಂದು ಊರಿಗೂ ಗಣಿತದ ಮೇಷ್ಟರು ಒಂದೊಂದು ನೆನಪನ್ನು ಜೋಡಿಸುವರು. ಸರಾಸರಿ ವೇಗವನ್ನು ಲೆಕ್ಕಹಾಕಿ, ಮದ್ದೂರು ಮುಟ್ಟುವ ದಿನವನ್ನು ಮೂರು ದಿನ ಮುಂಚಿತವಾಗಿ ಹೇಳಿದರು. ಆ ದಿನವೇ ಮುಟ್ಟಿದರು. ಅಂದು ಮನೆಯಾಕೆ ವಡೆ ಕರಿದರು. ಪರದೆಯ ಕ್ಯಾಲೊರಿಗೂ ಬಾಣಲೆಯ ಕ್ಯಾಲೊರಿಗೂ ಹೋಲಿಸಿ ನೋಡುವ ಧೈರ್ಯವನ್ನು ಆ ಮನೆಯಲ್ಲಿ ಯಾರೂ ಮಾಡಲಿಲ್ಲ. ಮಂಡ್ಯ ದಾಟಿತು. ತಡೆ ಮೂರಕ್ಕೇರಿತು. ಹೊತ್ತು ಇಪ್ಪತ್ತು ನಿಮಿಷವಾಯಿತು. ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣವನ್ನು ಹೊಕ್ಕ ಸಂಜೆ ಇಬ್ಬರೂ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ದಂಡದ ವ್ಯಾಜ್ಯವೂ ಮತ್ತೆ ತಲೆಯೆತ್ತಿತು. ಆರನೆಯ ವಾರದ ಕೊನೆಗೆ ಮೇಷ್ಟರು ಮೈಸೂರನ್ನು ಸೇರಿದರು.

ಆ ಇಡೀ ಅವಧಿಯಲ್ಲಿ ಅವರು ತಮ್ಮ ಗೇಟನ್ನು ದಾಟಿರಲಿಲ್ಲ.

ಮೈಸೂರು ಸೇರಿದ ರಾತ್ರಿ ಮನೆಯಾಕೆ ಹಾಲು ತಂದಿಟ್ಟು, ನಕಾಶೆಯ ಕಡೆಗೆ ನೋಡುತ್ತ, ಬಹಳ ಸಹಜವಾಗಿ ಕೇಳಿದರು: “ಮುಂದೆ ಎಲ್ಲಿಗೆ?”

“ಊಟಿಗೆ ಹೋಗಬಹುದು. ಏರುದಾರಿ. ತಡೆಯನ್ನು ಐದಕ್ಕೆ ಇಡಬೇಕಾಗುತ್ತದೆ.”

“ಪದ್ಮನಾಭನಗರ ಇದರಲ್ಲಿ ಎಲ್ಲಿದೆ?”

ಮೇಷ್ಟರು ನಕಾಶೆಯನ್ನು ನೋಡಿದರು. ಅಷ್ಟು ದೊಡ್ಡ ನಕಾಶೆಯಲ್ಲಿ ಉತ್ತರಹಳ್ಳಿಗೂ ಪದ್ಮನಾಭನಗರಕ್ಕೂ ನಡುವೆ ಗುಂಡುಸೂಜಿಯ ತಲೆಯಷ್ಟೂ ಜಾಗವಿರಲಿಲ್ಲ. ಅವರು ಹಾಲು ಕುಡಿದು, ಏನೂ ಹೇಳದೆ ಮಲಗಿದರು. ಮರುದಿನ ಬೆಳಿಗ್ಗೆ ಅಡಿಗೆಮನೆಯ ಕಟ್ಟೆಯನ್ನು ಹಿಡಿದು ಒಂಟಿಕಾಲಿನಲ್ಲಿ ನಿಂತಿದ್ದರು. ಕಾಫಿಗೆ ಕೈಯಿಡಲು ಜಾಗವಿಲ್ಲದಂತಾದರೂ ಮನೆಯಾಕೆ ಚಕಾರವೆತ್ತಲಿಲ್ಲ.

ಮೂರು ವಾರ ಹೀಗೆ ಕಳೆಯಿತು. ಬೆಳಿಗ್ಗೆ ಒಂಟಿಕಾಲು, ಸಂಜೆ ಊಟಿಯ ದಾರಿ. ಫಿಸಿಯೋಥೆರಪಿಯ ಹುಡುಗಿ ಮತ್ತೆ ಬಂದು, ತಮ್ಮ ಮಹಡಿಯ ಮೆಟ್ಟಿಲಿನ ಮೇಲೆಯೇ ಅಭ್ಯಾಸ ಮಾಡಿಸಿದಳು: ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಕೈ ಕಂಬಿಯ ಮೇಲಿರಲಿ, ಏರುವುದಕ್ಕಿಂತ ಇಳಿಯುವುದೇ ಮೊಣಕಾಲಿಗೆ ಹೆಚ್ಚು ಕಷ್ಟ, ಅವಸರ ಬೇಡ. ಮೇಷ್ಟರು ಈ ಬಾರಿ ಬರೆದುಕೊಳ್ಳಲಿಲ್ಲ, ಮಾಡಿದರು. ಗೇಟಿನಿಂದ ನುಗ್ಗೆಮರದ ನೆರಳು ಮುಗಿಯುವವರೆಗೆ, ಮರುದಿನ ತಿರುವಿನವರೆಗೆ, ಅದರ ಮರುದಿನ, ಕೈಯಲ್ಲಿ ಕೋಲು ಹಿಡಿದು, ಆ ಚಪ್ಪಡಿಯವರೆಗೆ. ಚಪ್ಪಡಿಯನ್ನು ಯಾರೋ ಸರಿಪಡಿಸಿದ್ದರು. ಮೇಷ್ಟರು ಕೋಲಿನಿಂದ ಎರಡು ಬಾರಿ ಕುಟ್ಟಿ ನೋಡಿ, ಅದನ್ನು ಬಳಸಿಕೊಂಡು ಹೋದರು. ನಂಬಿಕೆ ಒಮ್ಮೆ ಅಲುಗಿದ ಮೇಲೆ ಸಿಮೆಂಟು ಹಾಕಿದರೆ ಸಾಲದು.

ಒಂದು ಗುರುವಾರ ಮೇಷ್ಟರು ಹೊರಟರು. ನಡೆದು ಹೋಗಲಿಲ್ಲ, ಅಷ್ಟು ಸಾಹಸ ಬೇಡವೆಂದು ಮನೆಯಾಕೆ ಆಟೋ ಕರೆಸಿ, ತಾವೂ ಜೊತೆಗೆ ಕೂತರು. ಪದ್ಮನಾಭನಗರದ ಮನೆಯ ಮುಂದೆ ಇಳಿದಾಗ, ಮೆಟ್ಟಿಲುಗಳ ತುದಿಯಲ್ಲಿ, ನಾಲ್ಕು ಕಾಲಿನ ಊರುಗೋಲನ್ನು ಹಿಡಿದು ಗಣಿತದ ಮೇಷ್ಟರು ನಿಂತೇ ಇದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಸೊಸೆಗೆ ಗೊತ್ತು. ಒಳ್ಳೆಯ ಕಾಲು ಮೊದಲು. ಒಂದು, ಎರಡು, ಮೂರು. ಒಂಬತ್ತಕ್ಕೆ ತಿರುವಿನ ಹಾಸುಗಲ್ಲು ಬಂದಿತು; ಅಲ್ಲಿ ನಿಂತು ಉಸಿರು ತೆಗೆದುಕೊಂಡರು. ಬಲಗಾಲು ನಡುಗಿತು. ಮೇಲೆ ನೋಡಲಿಲ್ಲ, ಕಂಬಿಯನ್ನು ನೋಡಿದರು. ಕೆಳಗಿನಿಂದ ಮನೆಯಾಕೆ, “ಮಾತಾಡುವುದಕ್ಕೆ ಆಗುತ್ತದೆಯೆ?” ಎಂದರು.

“ಆಗುತ್ತದೆ,” ಎಂದರು ಮೇಷ್ಟರು.

“ಹಾಗಾದರೆ ಹತ್ತಿ.”

ಮೇಲೆ ಸೇರಿದಾಗ ಇಬ್ಬರು ಮೇಷ್ಟರುಗಳೂ ಸ್ವಲ್ಪ ಹೊತ್ತು ಒಬ್ಬರೊಬ್ಬರ ಊರುಗೋಲನ್ನು ನೋಡಿಕೊಂಡು ನಿಂತರು. ಬಳಿಕ ವಿಜ್ಞಾನದ ಮೇಷ್ಟರು ಹೇಳಿದರು: “ಹದಿನೆಂಟಲ್ಲ ಕಣೋ, ಹದಿನೇಳು. ಈಗ ತಾನೇ ಎಣಿಸಿದೆ.”

“ಹಾಸುಗಲ್ಲನ್ನು ಬಿಟ್ಟಿದ್ದೀಯೆ.”

“ಹಾಸುಗಲ್ಲು ಮೆಟ್ಟಿಲಲ್ಲ.”

“ಕಾಲಿಟ್ಟೆಯೋ ಇಲ್ಲವೋ? ಇಟ್ಟ ಮೇಲೆ ಅದೂ ಲೆಕ್ಕಕ್ಕೆ ಸೇರಿತು.”

ಒಳಗಿನಿಂದ ಕಾಫಿ ಬಂದಿತು. ವ್ಯಾಜ್ಯ ಮುಗಿಯಲಿಲ್ಲ, ಇಳಿಯುವಾಗ ಮತ್ತೊಮ್ಮೆ ಎಣಿಸುವುದೆಂದೂ, ಆಗಲೂ ಒಪ್ಪಂದವಾಗದಿದ್ದರೆ ಮುಂದಿನ ಗುರುವಾರ ಹತ್ತುವಾಗ ನೋಡುವುದೆಂದೂ ತೀರ್ಮಾನವಾಯಿತು.